ಭಾನುವಾರದ ಕೀ ಮತ್ತು ಸುಧಾಕರನ ಬಲ್ಬು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ತಮಗೆ ಸಿಟ್ಟು ಜಾಸ್ತಿ ಅಂತ ಜನ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಮರೆವು ಜಾಸ್ತಿ ಅಂತ ನಗುನಗುತ್ತಾ ಹೇಳುತ್ತಾರೆ. ಸಕ್ಕರೆ ಕಾಯಿಲೆಯನ್ನಂತೂ ಮದುವೆ ಊಟದ ಪಂಕ್ತಿಯಲ್ಲಿ ಕೂತು ಎಡಗಡೆಯವರಿಗೊಮ್ಮೆ, ಬಲಗಡೆಯವರಿಗೊಮ್ಮೆ ವಿವರಿಸುತ್ತಾರೆ. ಆದರೆ ‘ನನಗೆ ಹೊಟ್ಟೆ ಉರಿಯುತ್ತೆ ಕಣ್ರೀ’ ಅಂತ ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ. ನನ್ನದು ಭಾರೀ ಹೊಟ್ಟೆಕಿಚ್ಚೂ ಅಲ್ಲ. ಬಂಗಲೆಯಲ್ಲಿ ಈಜುಕೊಳ ಇಟ್ಟುಕೊಂಡವರನ್ನು ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ, ಪಾಪ ಕ್ಲೀನ್ ಮಾಡಿಸಬೇಕಲ್ಲ ಅನ್ನಿಸುತ್ತೆ. ನನ್ನ ಕಿಚ್ಚಿಗೆ ಆಳು ಕೈಗೆಟುಕುವ ದೂರದಲ್ಲಿರಬೇಕು, ಪಕ್ಕದ ಮೇಜು, ಎದುರು ಮನೆ, ಹೆಚ್ಚೆಂದರೆ ಷಡ್ಡಕ.

ಷಡ್ಡಕ ಅಂದಾಗ ನೆನಪಾಯಿತು. ಮದುವೆಯಾದ ಹೊಸತರಲ್ಲಿ ದಾವಣಗೆರೆಯ ಮಾವನ ಮನೆಯಲ್ಲಿ ಹಬ್ಬದ ದಿನವೇ ಮಿಕ್ಸಿ ಕೆಟ್ಟಿತು. ಎಲೆಕ್ಟ್ರಿಕಲ್ ಇಂಜಿನಿಯರ್ ಅಳಿಯ ಮನೆಯಲ್ಲೇ ಇದ್ದಾನೆ, ಇನ್ನೇನು ಬೇಕು! ನಾನು ಮಿಕ್ಸಿಯನ್ನು ಬೋರಲು ಹಾಕಿಕೊಂಡು ಮೋಟರು, ವೈಂಡಿಂಗು, ಕಾರ್ಬನ್ ಬ್ರಷ್ ಅಂತ ಅರ್ಧ ಗಂಟೆ ಅತ್ತೆಯವರಿಗೆ ಪಾಠ ಮಾಡಿದೆ. ಅಷ್ಟರಲ್ಲಿ ಬಟ್ಟೆ ಅಂಗಡಿಯ ನನ್ನ ಷಡ್ಡಕ ಸ್ನಾನ ಮುಗಿಸಿ ಬಂದು, ಮಿಕ್ಸಿಯ ಪಕ್ಕೆಗೆ ಅಂಗೈಯಿಂದ ಒಂದು ಏಟು ಕೊಟ್ಟ. ಅದು ಗುರ್ರ್ ಅಂತ ತಿರುಗಿತು. ಆವತ್ತು ಮೊದಲ ಹೋಳಿಗೆ ಅವನ ಎಲೆಗೆ ಬಿತ್ತು. ಅದಾಗಿ ಎಷ್ಟೋ ವರ್ಷ ಆಗಿದೆ. ಆ ಹೋಳಿಗೆ ನನಗಿನ್ನೂ ಜೀರ್ಣ ಆಗಿಲ್ಲ.

ಈಗ ಸಿಂಗಪುರದ ವಿಷಯಕ್ಕೆ ಬರುತ್ತೇನೆ. ತೊಂಬತ್ತರ ದಶಕದ ನಡುವಿನ ಮಾತು. ಸಮುದ್ರದಂಚಿನ ಟುವಾಸಿನಲ್ಲಿ ಜನರೇಟರುಗಳನ್ನು ಬಾಡಿಗೆಗೆ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಇಂಜಿನಿಯರ್. ಮನೆ ಜುರಾಂಗ್‌ನಲ್ಲಿ, ಒಂಬತ್ತನೇ ಫ್ಲೋರು. ಈ ಊರಲ್ಲಿ ಕಾರು ಕೊಳ್ಳುವ ಮೊದಲು ಕಾರು ಕೊಳ್ಳುವ ಹಕ್ಕನ್ನು ಕೊಳ್ಳಬೇಕು. ಆ ಹಕ್ಕಿನ ರೇಟು ಕೇಳಿದವನು ಥ್ಯಾಂಕ್ಯೂ ಹೇಳಿ ಬಸ್‌ಸ್ಟಾಪಿನ ಕಡೆ ನಡೆದುಬಿಡುತ್ತಾನೆ. ನಾವೆಲ್ಲ ಹಾಗೆ ನಡೆದವರೇ. ಆದರೆ ನನಗೊಂದು ಅದೃಷ್ಟ ಇತ್ತು. ಕಂಪನಿಯ ನಾಲ್ಕು ಬಾಗಿಲಿನ ಪಿಕಪ್ಪನ್ನೂ ಅದರ ಹಿಂದೆ ಜನರೇಟರ್ ಎಳೆಯುವ ಟ್ರೈಲರನ್ನೂ ನೋಡಿಕೊಳ್ಳುವ ಜವಾಬ್ದಾರಿ ಯಾರದೋ, ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ ಪಿಕಪ್ಪಿನ ಕೀ ಅವರದು. ಇದು ನಮ್ಮ ಬಾಸ್ ಮಿಸ್ಟರ್ ಕೋ ಮಾಡಿದ್ದ ಪದ್ಧತಿ. ‘ಗಾಡಿ ನೋಡಿಕೊಳ್ಳುವವನು ಗಾಡಿ ಓಡಿಸಲಿ, ಫೇರ್ ಅಲ್ವಾ’ ಅನ್ನೋರು. ಟ್ರೈಲರನ್ನು ಬಿಚ್ಚಿಟ್ಟು ಬರೀ ಪಿಕಪ್ಪನ್ನು ಮನೆಗೆ ತರುತ್ತಿದ್ದೆ. ಭಾನುವಾರ ಬೆಳಿಗ್ಗೆ ಸೆರಂಗೂನ್ ರೋಡಿನಿಂದ ಅಕ್ಕಿ ಮೂಟೆ, ತೆಂಗಿನಕಾಯಿ, ಕರಿಬೇವು ಹೇರಿಕೊಂಡು ಬಂದು ನಮ್ಮ ಬ್ಲಾಕಿನ ಕೆಳಗೆ ನಿಲ್ಲಿಸಿ, ಬೇಕೆಂತಲೇ ಒಮ್ಮೆ ಹಾರ್ನ್ ಹೊಡೆಯುತ್ತಿದ್ದೆ. ಬ್ಲಾಕಿನಡಿಯ ತೆರೆದ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಕೂತ ಕನ್ನಡ, ತಮಿಳು ಸಂಸಾರಗಳೆಲ್ಲ ತಿರುಗಿ ನೋಡಬೇಕು. ನೋಡುತ್ತಿದ್ದರು ಕೂಡ. ಹೊಟ್ಟೆ ಉರಿಸಿಕೊಳ್ಳುವವನಿಗೆ ಉರಿಸುವ ಸುಖ ಎಂಥದು ಅಂತ ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ.

ಅಂಥಾ ಸುಖದ ನಡುವೆ ಸುಧಾಕರ ಬಂದ. ಕಾರ್ಕಳದವನು, ಡಿಪ್ಲೊಮಾ ಮಾಡಿದವನು, ನನಗಿಂತ ಆರು ವರ್ಷ ಚಿಕ್ಕವನು. ನಮ್ಮ ಕಂಪನಿಗೆ ಟೆಕ್ನಿಷಿಯನ್ ಆಗಿ ಸೇರಿದ. ಸಾಲದ್ದಕ್ಕೆ ನಮ್ಮ ಪಕ್ಕದ ಬ್ಲಾಕಿನಲ್ಲೇ ಮನೆ ಮಾಡಿದ. ಮೊದಲ ವಾರ ಆಫೀಸಿನ ಪಂಚಿಂಗ್ ಮೆಷಿನ್ ರಿಪೇರಿ ಮಾಡಿದ. ಎರಡನೇ ವಾರ ಫ್ಯಾಕ್ಸ್ ಮೆಷಿನ್. ಮೂರನೇ ವಾರ ಬಾಸ್ ಮನೆಯ ಫ್ಯಾನು. ಅದುವರೆಗೆ ಏನು ಕೆಟ್ಟರೂ ‘ಕಾಲ್ ರಾವ್’ ಅಂತ ನನ್ನನ್ನೇ ಕರೆಸುತ್ತಿದ್ದ ಮಿಸ್ಟರ್ ಕೋ ‘ಕಾಲ್ ಸುಧಾ’ ಅನ್ನಲು ಶುರು ಮಾಡಿದರು. ಕೆಲಸ ಮಾಡುವಾಗ ತುಳುವಿನಲ್ಲಿ ಏನೋ ಗುನುಗಿಕೊಳ್ಳುತ್ತಾನೆ. ಅದೂ ಶ್ರುತಿ ತಪ್ಪುವುದಿಲ್ಲ. ಅವನ ಹೆಂಡತಿ ವಿಜಯಾ ಒಂದು ದಿನ ಡಬ್ಬಿಯಲ್ಲಿ ಕೆಸುವಿನೆಲೆಯ ಪತ್ರೊಡೆ ತಂದುಕೊಟ್ಟರು. ನನ್ನ ಹೆಂಡತಿ ಸುಮಿತ್ರಾ ಒಂದು ತುಂಡು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ನಮ್ಮ ಮದುವೆಯಾದ ಮೇಲೆ ನನ್ನ ಯಾವ ಮಾತಿಗೂ ಅವಳು ಹಾಗೆ ಕಣ್ಣು ಮುಚ್ಚಿದ್ದಿಲ್ಲ. ಇಷ್ಟೆಲ್ಲ ಇದ್ದೂ ಆ ಮನುಷ್ಯನಿಗೆ ಒಂಚೂರು ಜಂಬ ಇರಲಿಲ್ಲ. ಜಂಬ ಇದ್ದಿದ್ದರೆ ನೆಮ್ಮದಿಯಾಗಿ ಬೈದುಕೊಂಡಾದರೂ ಇರಬಹುದಿತ್ತು. ಇವನು ಸಿಕ್ಕಿದಾಗೆಲ್ಲ ‘ರಾಯ್ರೆ, ನಿಮ್ಮ ಹತ್ರ ಕಲೀಲಿಕ್ಕೆ ತುಂಬಾ ಉಂಟು’ ಅನ್ನುತ್ತಾನೆ. ನನಗೆ ಮೈಯೆಲ್ಲ ಉರಿ.

ಇವನಿಗಿಂತ ಒಂದು ಕೈ ಮೇಲೆ ಅನ್ನಿಸಿಕೊಳ್ಳಬೇಕಲ್ಲ, ಅದಕ್ಕೆ ಆಯುಧಪೂಜೆ ಸಿಕ್ಕಿತು. ನಮ್ಮ ವರ್ಕ್‌ಶಾಪಿನಲ್ಲಿ ಆಯುಧಪೂಜೆಗೆ ಬಾಸ್‌ನ ಪೂರ್ತಿ ಒಪ್ಪಿಗೆ ಇತ್ತು. ಅವರೂ ವರ್ಷಕ್ಕೊಮ್ಮೆ ಅಂಗಳದಲ್ಲಿ ಕಿತ್ತಳೆ ಹಣ್ಣಿಟ್ಟು ಊದುಕಡ್ಡಿ ಹಚ್ಚುವವರೇ. ಒಳ್ಳೇ ಕುಂಬಳಕಾಯಿಯನ್ನು ಯಾಕೆ ಒಡೆಯುತ್ತೀರಿ ಅಂತ ಮೊದಲ ವರ್ಷ ಕೇಳಿದ್ದರು. ದೃಷ್ಟಿ ತೆಗೆಯಲಿಕ್ಕೆ ಅಂದಾಗ, ಹಾಗಾದರೆ ಇನ್ನೂ ದೊಡ್ಡದು ತನ್ನಿ ಅಂದರು. ಆ ವರ್ಷ ನಾನು ಪೂಜೆಗೆ ನಾಲ್ಕು ದಿನ ಮುಂಚೆಯೇ ಟ್ರೈಲರಿಗೆ ಬಣ್ಣ ಹೊಡೆಯಲು ಕೂತೆ. ಬೇರೆಯವರಾದರೆ ಕಣ್ಣಿಗೆ ಕಾಣುವಲ್ಲಿ ಬಳಿದು ಎದ್ದುಬಿಡುತ್ತಾರೆ. ನಾನು ಒಂದೊಂದೇ ಬೋಲ್ಟು ಬಿಚ್ಚಿ, ಸ್ಯಾಂಡ್‌ಪೇಪರ್ ಉಜ್ಜಿ, ಅಡಿಗೆಲ್ಲ ರೆಡ್ ಆಕ್ಸೈಡ್ ಕೊಟ್ಟು, ಅದರ ಮೇಲೆ ಎರಡು ಸಲ ಸಿಲ್ವರ್ ಪೇಂಟ್ ಹೊಡೆದು, ಒಣಗಿದ ಮೇಲೆ ಬೋಲ್ಟನ್ನು ಮತ್ತೆ ಹಾಕಿದೆ. ಪಿಕಪ್ಪಿಗೂ ಟ್ರೈಲರಿಗೂ ಜೋಡಿಸುವ ಗುಂಡು ಕಿರ್ರ್ ಅನ್ನುತ್ತಿತ್ತು, ಅದಕ್ಕೂ ಧಾರಾಳವಾಗಿ ಗ್ರೀಸ್ ಮೆತ್ತಿದೆ. ಪೂಜೆಯ ದಿನ ಚೆಂಡುಹೂವಿನ ಹಾರ, ಅರಿಶಿನ, ಕುಂಕುಮ, ಚಕ್ರದಡಿ ನಿಂಬೆಹಣ್ಣು. ಟ್ರೈಲರು ಮದುವೆ ಹೆಣ್ಣಿನ ಹಾಗೆ ನಿಂತಿತ್ತು. ಮಿಸ್ಟರ್ ಕೋ ಕೈಮುಗಿದು, ಸುತ್ತ ಒಂದು ರೌಂಡು ಹೊಡೆದು, ‘ಮಿಸ್ಟರ್ ರಾವ್, ವೆರಿ ನೈಸ್ ಲಾ!’ ಅಂತ ಈ ಊರಿನವರ ‘ಲಾ’ ಸೇರಿಸಿ ಅಂದರು. ಸುಧಾಕರನ ಎದುರಿಗೇ ಅಂದರು. ನಾನು ಆವತ್ತು ಎರಡು ಸಲ ಪ್ರಸಾದ ತಿಂದೆ.

ಅದಾದ ಐದನೇ ದಿನ ಮಿಸ್ಟರ್ ಕೋ ನನ್ನ ಪಕ್ಕ ಕೂತು ಸೆಲೆಟಾರ್ ಕಡೆ ಹೊರಟಿದ್ದರು. ಹಿಂದೆ ಟ್ರೈಲರಿನ ಮೇಲೆ ಜನರೇಟರು. ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡ ಬಿಸಿ ಕೋಪಿ, ಇಲ್ಲಿ ಕಾಫಿಗೆ ಹಾಗೇ ಅನ್ನುವುದು. ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದೆ. ಪಿಕಪ್ ನಿಂತಿತು, ಟ್ರೈಲರಿಗೆ ಮಾತ್ರ ನಿಲ್ಲುವ ಮನಸ್ಸಿರಲಿಲ್ಲ. ಹಿಂದಿನಿಂದ ಧಡ್ ಅಂತ ನೂಕಿತು. ಕೋಪಿ ಅಷ್ಟೂ ಬಾಸ್‌ನ ಬಿಳಿ ಅಂಗಿಯ ಮೇಲೆ. ‘ಅಯ್ಯೋ’ ಅನ್ನುವುದಕ್ಕೆ ಚೀನೀ ಭಾಷೆಯಲ್ಲೂ ಹೆಚ್ಚುಕಮ್ಮಿ ಹಾಗೇ ಅನ್ನುತ್ತಾರೆ ಅಂತ ಆವತ್ತು ತಿಳಿಯಿತು.

ಆ ಟ್ರೈಲರಿನದು ಎಲೆಕ್ಟ್ರಿಕ್ ಬ್ರೇಕು, ಆಸ್ಟ್ರೇಲಿಯಾದಿಂದ ತರಿಸಿದ್ದು. ಪಿಕಪ್ಪಿನ ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ಕೆಳಗಿರುವ ಒಂದು ಪುಟ್ಟ ಡಬ್ಬಿಯಿಂದ ನೀಲಿ ವೈರಿನಲ್ಲಿ ಕರೆಂಟು ಹೋಗಿ, ಟ್ರೈಲರ್ ಚಕ್ರದೊಳಗಿನ ಮ್ಯಾಗ್ನೆಟ್ಟು ಹಿಡಿದುಕೊಳ್ಳಬೇಕು. ಈಗ ಒಮ್ಮೆ ಹಿಡಿಯುತ್ತೆ, ನಾಲ್ಕು ಸಲ ಹಿಡಿಯಲ್ಲ. ಹಿಂದಿನ ದೀಪವೂ ಯಾಕೋ ಮಂಕು. ನಾನು ನನ್ನ ಡಿಜಿಟಲ್ ಮೀಟರ್ ತೆಗೆದೆ. ಇಲ್ಲಿಗೆ ಬಂದ ಮೊದಲ ತಿಂಗಳೇ ಕೊಂಡ ಮೀಟರು, ಹಳದಿ ಕವಚದ್ದು, ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅದರ ಕಪ್ಪು ವೈರನ್ನು ಪಿಕಪ್ಪಿನ ಬಾಡಿಗೆ ಕಚ್ಚಿಸಿ, ಕೆಂಪು ವೈರನ್ನು ನೀಲಿಗೆ ಮುಟ್ಟಿಸಿದೆ. ಹನ್ನೆರಡು ವೋಲ್ಟು. ಪ್ಲಗ್ಗಿನಲ್ಲಿ ನೋಡಿದೆ, ಹನ್ನೆರಡು. ಚಕ್ರದ ಹತ್ತಿರ ಉದ್ದ ವೈರು ಎಳೆದು ನೋಡಿದೆ, ಅಲ್ಲೂ ಹನ್ನೆರಡು. ಎಲ್ಲ ಸರಿ ಇದೆ, ಬ್ರೇಕು ಮಾತ್ರ ಇಲ್ಲ! ಪ್ಲಗ್ ಬದಲಾಯಿಸಿದೆ. ಡಬ್ಬಿ ಬದಲಾಯಿಸಿದೆ. ದೀಪ ಮಂಕು ಅಂತ ಬಲ್ಬೂ ಬದಲಾಯಿಸಿದೆ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಬುಧವಾರ ಸಂಜೆ ಮಿಸ್ಟರ್ ಕೋ ಬಂದು ನಿಂತರು. ಶುಕ್ರವಾರ ಗಾಡಿಯ ಇನ್‌ಸ್ಪೆಕ್ಷನ್ನು. ‘ಮಿಸ್ಟರ್ ರಾವ್, ನಾಳೆ ಸುಧಾ ಕೂಡ ನೋಡಲಿ. ಯಾರು ರಿಪೇರಿ ಮಾಡ್ತಾರೋ ಇನ್ನು ಮೇಲೆ ಗಾಡಿ ಅವರೇ ನೋಡಿಕೊಳ್ಳಲಿ, ಓಕೆ?’ ಅಂದರು. ಅಂದರೆ ಕೀ!

ಆ ಭಾನುವಾರ ನನ್ನ ಮಗಳು ಪಲ್ಲವಿಯ ಹುಟ್ಟುಹಬ್ಬ. ಎಂಟು ತುಂಬುತ್ತೆ. ಪಿಕಪ್ಪಿನಲ್ಲಿ ಈಸ್ಟ್ ಕೋಸ್ಟ್ ಬೀಚಿಗೆ ಹೋಗಿ ಅಲ್ಲೇ ಕೇಕ್ ಕಟ್ ಮಾಡುವುದು ಅಂತ ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದೆ. ಅವಳು ವಾಯ್ಡ್ ಡೆಕ್ಕಿನ ಮಕ್ಕಳಿಗೆಲ್ಲ ‘ವಿ ಗೋ ಬೈ ಅವರ್ ಕಾರ್’ ಅಂತ ಸಾರಿಬಿಟ್ಟಿದ್ದಳು. ಮನೆಗೆ ಬಂದವನು ಊಟಕ್ಕೆ ಕೂತು ಸುಮ್ಮನೆ ಅನ್ನ ಕೆದಕುತ್ತಿದ್ದೆ. ಸುಮಿತ್ರಾ ವಿಷಯ ಬಾಯಿಬಿಡಿಸಿದಳು.

‘ಅಲ್ಲ ರೀ, ಮೂರು ದಿನದಿಂದ ಒದ್ದಾಡೋ ಬದಲು ಸೋಮವಾರವೇ ಸುಧಾಕರ್ ಅವರನ್ನ ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗ್ತಿತ್ತು?’

‘ಅವನಿಗೇನು ಗೊತ್ತಿರುತ್ತೆ? ನನ್ನ ಹತ್ತಿರ ಮೀಟರ್ ಇದೆ.’

‘ಮೀಟರ್ ಇದೆ ಸರಿ. ಬ್ರೇಕ್ ಇದೆಯಾ?’

ಪಲ್ಲವಿ ತಲೆ ಎತ್ತದೆ ಮೊಸರನ್ನ ಕಲಸುತ್ತಾ, ‘ಸುಧಾಕರ್ ಅಂಕಲ್ ಕ್ಯಾನ್ ಫಿಕ್ಸ್ ಲಾ’ ಅಂದಳು. ಹೊರಗಿನವರು ಹೇಳಿದರೆ ತಡೆದುಕೊಳ್ಳಬಹುದು, ಹೊಟ್ಟೆಯಲ್ಲಿ ಹುಟ್ಟಿದ್ದೂ ಹಾಗೇ ಹೇಳಿದರೆ ಏನು ಮಾಡುವುದು ಹೇಳಿ. ದೇವರ ಮುಂದೆ ನಿಂತು, ನನ್ನ ಕೈಯಲ್ಲಿ ರಿಪೇರಿ ಆಗದಿದ್ದರೂ ಚಿಂತೆಯಿಲ್ಲ, ಅವನ ಕೈಯಲ್ಲಿ ಆಗದಿರಲಪ್ಪಾ ಅಂತ ಕೇಳಿಕೊಂಡೆ. ಬ್ರೇಕಿಲ್ಲದ ಟ್ರೈಲರ್ ಊರಲ್ಲಿ ಓಡಾಡಲಿ ಅಂತ ಪ್ರಾರ್ಥನೆ ಮಾಡಿದ ಹಾಗಾಯಿತಲ್ಲ ಅಂತ ಆಮೇಲೆ ಹೊಳೆದು ಕೆನ್ನೆ ಕೆನ್ನೆ ಬಡಿದುಕೊಂಡೆ. ಆದರೆ ಪ್ರಾರ್ಥನೆ ವಾಪಸ್ ತೆಗೆದುಕೊಳ್ಳಲಿಲ್ಲ.

ಗುರುವಾರ ಬೆಳಿಗ್ಗೆ ಸುಧಾಕರ ಬಂದ. ಕೈಯಲ್ಲಿ ಮೀಟರಿಲ್ಲ, ಏನಿಲ್ಲ. ಹಳೇ ಹೆಡ್‌ಲೈಟಿನ ಒಂದು ಬಲ್ಬು, ಅದಕ್ಕೆ ಎರಡು ಉದ್ದನೆ ವೈರು. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿ. ನಾನು ಜ್ಯೋತಿಷಿಯ ಗತ್ತಿನಲ್ಲಿ ಮೀಟರ್ ತೋರಿಸಿ, ‘ನೋಡಿ ಸುಧಾಕರ್, ಎಲ್ಲಾ ಕಡೆ ಹನ್ನೆರಡು ಬರ್ತಿದೆ. ವೈರಿಂಗ್ ಕರೆಕ್ಟಾಗಿದೆ. ಮ್ಯಾಗ್ನೆಟ್ಟೇ ಹೋಗಿರಬೇಕು, ಆಸ್ಟ್ರೇಲಿಯಾದಿಂದ ತರಿಸಬೇಕು’ ಅಂದೆ. ಅವನು ‘ಹೌದಾ ರಾಯ್ರೆ?’ ಅಂತ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು ಟ್ರೈಲರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ನಾನು ಪಿಕಪ್ಪಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಾ ಬ್ರೇಕ್ ಒತ್ತಿ ಹಿಡಿದೆ. ಅವನು ಬಲ್ಬಿನ ಒಂದು ವೈರನ್ನು ನೀಲಿಗೆ ಮುಟ್ಟಿಸಿದ. ಇನ್ನೊಂದನ್ನು ಪಿಕಪ್ಪಿನ ಬಾಡಿಗೆ ಮುಟ್ಟಿಸಿದ. ಬಲ್ಬು ಝಗ್ ಅಂತ ಹತ್ತಿತು. ಆಮೇಲೆ ಆ ಇನ್ನೊಂದು ವೈರನ್ನು ಪಿಕಪ್ಪಿನಿಂದ ತೆಗೆದು ಟ್ರೈಲರಿನದೇ ಕಬ್ಬಿಣಕ್ಕೆ, ಆಕ್ಸಲ್ ಹತ್ತಿರ ಬಣ್ಣವಿಲ್ಲದ ಒಂದು ಜಾಗಕ್ಕೆ ಮುಟ್ಟಿಸಿದ. ಬಲ್ಬು ಸತ್ತಿತು.

ಅವನು ಗುನುಗುವುದು ನಿಲ್ಲಿಸಿದ. ನನಗೂ ಅದೇ ಕ್ಷಣಕ್ಕೆ ಅರ್ಥವಾಯಿತು. ಕರೆಂಟಿಗೆ ಹೋಗುವ ದಾರಿ ಇದ್ದರೆ ಸಾಲದು, ವಾಪಸ್ ಬರುವ ದಾರಿಯೂ ಬೇಕು. ಇದನ್ನು ಹೈಸ್ಕೂಲಿನಲ್ಲೇ ಹೇಳಿಕೊಡುತ್ತಾರೆ. ನಾನು ಮೂರು ದಿನವೂ ಮೀಟರಿನ ಕಪ್ಪು ವೈರನ್ನು ಪಿಕಪ್ಪಿಗೇ ಕಚ್ಚಿಸಿಕೊಂಡು, ಹೋಗುವ ದಾರಿಯನ್ನೇ ಮತ್ತೆ ಮತ್ತೆ ಅಳೆದಿದ್ದೆ. ಟ್ರೈಲರಿನಿಂದ ಕರೆಂಟು ವಾಪಸ್ ಬರುವುದು ಅದರ ಮೂತಿಯ ಹತ್ತಿರ ಒಂದು ಬೋಲ್ಟಿಗೆ ಬಿಗಿದ ಬಿಳಿ ವೈರಿನಲ್ಲಿ. ಆ ಬೋಲ್ಟನ್ನು ಆಯುಧಪೂಜೆಗೆ ಬಿಚ್ಚಿ, ಅಡಿಗೆ ರೆಡ್ ಆಕ್ಸೈಡ್ ಕೊಟ್ಟು, ಮೇಲೆ ಎರಡು ಸಲ ಸಿಲ್ವರ್ ಪೇಂಟ್ ಹೊಡೆದು ದಾರಿ ಮುಚ್ಚಿದವನು ಯಾರು? ಆಗೊಮ್ಮೆ ಈಗೊಮ್ಮೆ ಜೋಡಣೆಯ ಗುಂಡಿನ ಮೂಲಕ ಹೇಗೋ ತೂರಿಕೊಂಡು ಬರುತ್ತಿದ್ದ ಕರೆಂಟಿಗೂ ಗ್ರೀಸ್ ಮೆತ್ತಿದವನು ಯಾರು? ಬೇರೆ ಯಾರಾದರೂ ಆಗಿದ್ದರೆ ನಾನೇ ಅವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದೆ.

ಸುಧಾಕರ ಬೋಲ್ಟು ಬಿಚ್ಚಿದ. ಅದರಡಿಯ ಬೆಳ್ಳಿ ಬಣ್ಣ ನೋಡಿದ. ನನ್ನನ್ನು ನೋಡಿದ. ಸ್ಯಾಂಡ್‌ಪೇಪರ್ ತೆಗೆದು ಕಬ್ಬಿಣ ಹೊಳೆಯುವ ತನಕ ಉಜ್ಜಿ, ಬಿಳಿ ವೈರನ್ನು ಬಿಗಿದು, ‘ಈಗ ಒತ್ತಿ ರಾಯ್ರೆ’ ಅಂದ. ಒತ್ತಿದೆ. ಚಕ್ರದೊಳಗೆ ಟಕ್ ಅಂತ ಮ್ಯಾಗ್ನೆಟ್ ಹಿಡಿಯಿತು. ಆ ಸದ್ದು ಮೂರು ದಿನದಿಂದ ನಾನು ಕಾಯುತ್ತಿದ್ದ ಸದ್ದು. ಈಗ ಕೇಳಿದರೆ ಯಾರೋ ನನ್ನ ತಲೆಗೆ ಮೊಟಕಿದ ಹಾಗಿತ್ತು.

ಅಷ್ಟರಲ್ಲಿ ಮಿಸ್ಟರ್ ಕೋ ಬಂದೇಬಿಟ್ಟರು. ಏನಾಗಿತ್ತು ಅಂತ ಕೇಳಿದರು. ಸುಧಾಕರ ಕೈ ಒರೆಸಿಕೊಳ್ಳುತ್ತಾ, ‘ಅರ್ತಿಂಗ್ ಸರಿ ಇರಲಿಲ್ಲ ಸಾರ್, ಈ ಸಮುದ್ರದ ಗಾಳಿಗೆ ಹಾಗೆಲ್ಲ ಆಗ್ತದೆ’ ಅಂದುಬಿಟ್ಟ. ಸಮುದ್ರದ ಗಾಳಿ! ಪಾಪ, ಟುವಾಸಿನ ಗಾಳಿ ನನ್ನ ಪಾಪವನ್ನು ಹೊತ್ತುಕೊಂಡಿತು. ಅಲ್ಲ ಸರ್, ಬಣ್ಣ ಹೊಡೆದವನು ನಾನು, ಅಂತ ಹೇಳುವುದಕ್ಕೆ ಅದೇ ಸರಿಯಾದ ಸಮಯ. ಮಾತು ನಾಲಿಗೆಯ ತುದಿವರೆಗೂ ಬಂತು. ಅಲ್ಲಿ ಕೀ ನೆನಪಾಗಿ ಮತ್ತೆ ಒಳಗೆ ಹೋಯಿತು. ಆದರೆ ಒಳಗೆ ಹೋಗಿ ಏನು ಪ್ರಯೋಜನ, ಮಿಸ್ಟರ್ ಕೋ ಆಗಲೇ ನನ್ನ ಮುಂದೆ ಕೈ ಚಾಚಿದ್ದರು. ನಾನು ಜೇಬಿನಿಂದ ಕೀ ತೆಗೆದುಕೊಟ್ಟೆ. ಅವರು ಅದನ್ನು ಸುಧಾಕರನ ಕೈಗಿಟ್ಟರು. ನನ್ನ ಕಣ್ಣ ಮುಂದೆ ಕೇಕು, ಬೀಚು, ವಾಯ್ಡ್ ಡೆಕ್ಕಿನ ಮಕ್ಕಳು, ಬಸ್‌ಸ್ಟಾಪಿನಲ್ಲಿ ಮುಖ ಊದಿಸಿಕೊಂಡು ನಿಂತ ಪಲ್ಲವಿ ಎಲ್ಲ ಒಟ್ಟಿಗೆ ಬಂದರು.

ಸುಧಾಕರ ಕೀಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ನನಗೆ ಎಂತಕ್ಕೆ ಸಾರ್? ನನಗೆ ಡ್ರೈವಿಂಗ್ ಬರುವುದಿಲ್ಲ’ ಅಂದ.

ಡ್ರೈವಿಂಗ್ ಬರುವುದಿಲ್ಲ! ಈ ಮನುಷ್ಯ ಬಂದ ನಾಲ್ಕು ತಿಂಗಳಿಂದ ಎಲ್ಲಿ ನನ್ನ ಕೀ ಕಿತ್ತುಕೊಳ್ಳುತ್ತಾನೋ ಅಂತ ನಾನು ನಿದ್ದೆಗೆಟ್ಟಿದ್ದೇನೆ, ದೇವರಲ್ಲಿ ಕೆಟ್ಟ ಪ್ರಾರ್ಥನೆ ಮಾಡಿದ್ದೇನೆ, ಇವನಿಗೆ ಸ್ಟೀರಿಂಗ್ ಹಿಡಿಯಲಿಕ್ಕೇ ಬರುವುದಿಲ್ಲ. ಮಿಸ್ಟರ್ ಕೋ ಹೋ ಹೋ ಅಂತ ನಕ್ಕರು. ‘ಹಾಗಾದರೆ ಸುಧಾ ರಿಪೇರಿ ಮಾಡಲಿ, ರಾವ್ ಓಡಿಸಲಿ, ಭಾನುವಾರ ಇಬ್ಬರ ಫ್ಯಾಮಿಲಿಯೂ ಹೋಗಲಿ, ಫೇರ್ ಅಲ್ವಾ’ ಅಂತ ಹೊಸ ಪದ್ಧತಿ ಮಾಡಿದರು.

ಫೇರೇ. ಭಾನುವಾರ ಹಾಗೇ ಹೊರಟೆವು. ನಾನು ಸ್ಟೀರಿಂಗ್ ಹಿಂದೆ. ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಪತ್ರೊಡೆಯ ಡಬ್ಬಿ ಇಟ್ಟುಕೊಂಡು, ಕಿಟಕಿ ಇಳಿಸಿ, ಗುನುಗುತ್ತಾ ಸುಧಾಕರ. ವಾಯ್ಡ್ ಡೆಕ್ಕಿನವರು ನೋಡಿದರೆ ಯಾರು ಯಜಮಾನ, ಯಾರು ಡ್ರೈವರ್ ಅಂತ ಸಂಶಯವೇ ಬರುವಂತಿರಲಿಲ್ಲ. ಹಾರ್ನ್ ಹೊಡೆಯುವ ಉಮೇದು ನನಗೆ ಬರಲಿಲ್ಲ. ಹಿಂದೆ ಸುಮಿತ್ರಾ, ವಿಜಯಾ, ನಡುವೆ ಕೇಕಿನ ಡಬ್ಬಕ್ಕೆ ಕಾವಲಾಗಿ ಪಲ್ಲವಿ. ಒಂದು ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನಿಂದ ವಿಜಯಾ ಸುಮಿತ್ರಾಗೆ ಹೇಳುವುದು ಕೇಳಿಸಿತು. ‘ಗುರುವಾರ ಮನೆಗೆ ಬಂದದ್ದೇ ಇವರದ್ದು ಒಂದೇ ಮಾತು ಅಕ್ಕಾ. ರಾಯರ ಕೆಲಸ ಅಂದ್ರೆ ಕೆಲಸ, ಕಾಣದಿದ್ದ ಬೋಲ್ಟಿನ ಅಡಿಗೂ ಬಣ್ಣ ಕೊಟ್ಟಿದ್ದಾರೆ, ಅಷ್ಟು ತಾಳ್ಮೆ ನನಗೆ ಈ ಜನ್ಮದಲ್ಲಿ ಬರ್ಲಿಕ್ಕಿಲ್ಲ, ಅವರನ್ನು ಕಂಡ್ರೆ ಹೊಟ್ಟೆ ಉರೀತದೆ ಅಂತ!’

ಸುಧಾಕರ ನಾಚಿಕೆ ಇಲ್ಲದೆ ನಕ್ಕ. ‘ಹೌದು ರಾಯ್ರೆ, ಸತ್ಯವೇ. ತುಂಬಾ ಉರೀತದೆ ಮಾರಾಯ್ರೆ’ ಅಂದ.

ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ನನ್ನ ಕೆಲಸ ನೋಡಿ ಹೊಟ್ಟೆ ಉರಿಸಿಕೊಂಡಿದ್ದಾನೆ, ಅದೂ ಈ ಮನುಷ್ಯ. ನಾನು ಕುಣಿದಾಡಬೇಕಿತ್ತು. ಆದರೆ ನನಗೆ ಬಂದ ಯೋಚನೆಯೇ ಬೇರೆ. ನಾನು ಹನ್ನೊಂದು ವರ್ಷದಿಂದ ಒಂದು ಹೋಳಿಗೆಯ ಉರಿಯನ್ನು ಯಾರಿಗೂ ಹೇಳದೆ ಹೊತ್ತುಕೊಂಡು ಸಮುದ್ರ ದಾಟಿ ಬಂದಿದ್ದೇನೆ. ಇವನು ಗುರುವಾರ ಹೊಟ್ಟೆ ಉರಿಸಿಕೊಂಡು, ಗುರುವಾರ ಸಂಜೆಯೇ ಹೆಂಡತಿಗೆ ಹೇಳಿ, ಭಾನುವಾರ ನನ್ನ ಮುಖಕ್ಕೇ ಹೇಳಿ, ನಕ್ಕು ಹಗುರಾಗಿ ಕೂತಿದ್ದಾನೆ. ಹೊಟ್ಟೆಕಿಚ್ಚನ್ನೂ ಈ ಪುಣ್ಯಾತ್ಮ ನನಗಿಂತ ಚೆನ್ನಾಗಿ ಪಡುತ್ತಾನಲ್ಲ! ಇರಲಿ, ನಾನೂ ಹೇಳಿಬಿಡುತ್ತೇನೆ ಅಂತ ಧೈರ್ಯ ಮಾಡಿ ಅವನ ಕಡೆ ತಿರುಗಿದೆ. ‘ಸುಧಾಕರ್, ನನಗೂ…’ ಅಂದೆ. ಅವನು ಕುತೂಹಲದಿಂದ ನೋಡಿದ. ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿದರು.

‘ನನಗೂ ಒಂದು ಪತ್ರೊಡೆ ಕೊಡಿ’ ಅಂದೆ.

ಕೊಟ್ಟ. ಬಾಯಿಗಿಟ್ಟುಕೊಂಡೆ, ನನಗೆ ಗೊತ್ತಿಲ್ಲದ ಹಾಗೆ ಕಣ್ಣು ಮುಚ್ಚಿತು. ‘ಅಪ್ಪಾ, ಗ್ರೀನ್ ಆಯ್ತು ಲಾ!’ ಅಂತ ಪಲ್ಲವಿ ಕೂಗಿದಳು. ನಾನು ಗಡಬಡಿಸಿ ಗೇರ್ ಹಾಕುತ್ತಾ, ‘ವಿಜಯಾ, ಪತ್ರೊಡೆ ಭಾಳ ಚೆನ್ನಾಗಿದೆ ಕಣಮ್ಮ’ ಅಂದೆ.

‘ಅಯ್ಯೋ, ನನಗೆಲ್ಲಿ ಬರ್ತದೆ?’ ಅಂದರು ವಿಜಯಾ. ‘ಅದು ಯಾವಾಗಲೂ ಇವರೇ ಮಾಡುವುದು.’